ತಿಮಿಂಗಿಲಕ್ಕೊಂದು ಮೆಮೊ

ಸೇಡಂನಿಂದ ಚಿಂಚೋಳಿಗೆ ಬೆಳಗಿನ ಬಸ್ಸು ಏಳಕ್ಕೆ ಎಂದು ವಿಚಾರಣೆಯ ಕಿಟಕಿಯಲ್ಲಿ ಹೇಳಿದರು. ಹೊರಟಿದ್ದು ಏಳೂ ಇಪ್ಪತ್ತಕ್ಕೆ. ಜನವರಿಯ ಚಳಿ. ನನ್ನ ಕೈಚೀಲದಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ. ಅಣ್ಣನ ಮಗ ಶರಣಪ್ಪನ ಹೆಗಲ ಮೇಲೆ ಬೆರಳು ದಪ್ಪದ ನೈಲಾನ್ ಹಗ್ಗದ ದೊಡ್ಡ ಸುರುಳಿ. ಸರ್ಕಾರದ ದಯೆಯಿಂದ ನನ್ನದು ಶೂನ್ಯ ಟಿಕೆಟ್, ಅವನು ದುಡ್ಡು ಕೊಟ್ಟ. ಕಂಡಕ್ಟರನಿಗೆ ಹಗ್ಗದ ಮೇಲೆ ಕಣ್ಣು. "ಇದು ಲಗೇಜ್ ಆಗ್ತದ್ರಿ" ಎಂದ. "ಇದು ಹಗ್ಗ ಅಲ್ಲಪ್ಪ, ತಿಮಿಂಗಿಲ" ಎಂದೆ. ಅವನು ನನ್ನ ಬಿಳಿ ಕೂದಲನ್ನು ಒಮ್ಮೆ ನೋಡಿ, ಮಾತು ಬೆಳೆಸುವುದು ಬೇಡವೆಂದು ಮುಂದೆ ಹೋದ.

ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ತಿಮಿಂಗಿಲ ಮೀನಲ್ಲ, ಸಸ್ತನಿ, ಮರಿಗೆ ಹಾಲೂಡಿಸುತ್ತದೆ ಎಂದು ಇಪ್ಪತ್ತೊಂಬತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಬರೆದವಳು ಕಂಡ ಅತಿ ದೊಡ್ಡ ನೀರೆಂದರೆ ಚಿಂಚೋಳಿಯ ಚಂದ್ರಂಪಳ್ಳಿ ಡ್ಯಾಮು. ಸಮುದ್ರ ನೋಡಿದ್ದು ನಮ್ಮ ಶರಣಪ್ಪ. ನಮ್ಮದು ಕಾಗಿಣಾ ಹೊಳೆಯ ದಂಡೆಯ ಮನೆತನ, ನಮ್ಮಜ್ಜ ಹರಿಗೋಲು ಹಾಕುತ್ತಿದ್ದ. ಅಣ್ಣ ನೀರು ಬಿಟ್ಟು ವಾಡಿಯಲ್ಲಿ ರೈಲು ಹಿಡಿದ, ಗೂಡ್ಸ್ ಗಾಡಿಯ ಚಾಲಕನಾದ. ಅಣ್ಣನ ಮಗ ರೈಲು ಬಿಟ್ಟು ಮತ್ತೆ ನೀರಿಗೇ ಹೋದ. ಕಲ್ಲಿದ್ದಲು ಹೊರುವ ಹಡಗಿನಲ್ಲಿ ಅವನು ಎರಡನೇ ಅಧಿಕಾರಿ. ನಮ್ಮ ಸಿಮೆಂಟ್ ಕಾರ್ಖಾನೆಗಳ ಒಲೆಗೆ ಹೊರದೇಶದ ಕಲ್ಲಿದ್ದಲೂ ಬೀಳುತ್ತದೆ, ಅದು ಬರುವುದು ಇಂಥ ಹಡಗಿನಲ್ಲೇ ಎಂಬುದು ನನಗೆ ಅವನಿಂದ ತಿಳಿಯಿತು. ರಜೆಗೆ ಬಂದವನನ್ನು ನಾಲ್ಕು ದಿನ ನನ್ನ ಜೊತೆ ಊರೂರಿಗೆ ಬಾ, ನನ್ನ ಪರಿಚಯದ ಶಾಲೆಗಳ ಮಕ್ಕಳಿಗೆ ನೀಲಿ ತಿಮಿಂಗಿಲದ ಬಗ್ಗೆ ಹೇಳು ಎಂದು ಹಟ ಹಿಡಿದವಳು ನಾನು. ಅವನು ಒಪ್ಪಿದ, ಆದರೆ ಉತ್ಸಾಹ ಕಾಣಲಿಲ್ಲ. ಮೈಕ್ ಕಂಡರೆ ಹೆದರುವ ಮನುಷ್ಯ ಎಂದುಕೊಂಡೆ.

ದಾರಿಯುದ್ದಕ್ಕೂ ತೊಗರಿ ಕೊಯ್ದ ಹೊಲಗಳು. ಎರಡು ಕಡೆ ರಾಶಿ ಯಂತ್ರದ ಧೂಳು ಬಸ್ಸಿನೊಳಗೇ ಬಂತು. ಒಂಬತ್ತರ ಹೊತ್ತಿಗೆ ಚಿಂಚೋಳಿ. ನಿಲ್ದಾಣದ ಎದುರು ಸುಸಲಾ, ಮಿರ್ಚಿ ಭಜಿ ತಿಂದು ಶಾಲೆಗೆ ನಡೆದೆವು. ಹಿರಿಯ ಗುರುಗಳು ಗೇಟಿನಲ್ಲೇ ನಿಂತಿದ್ದರು.

"ಬರ್ರಿ ಮೇಡಂ, ಬರ್ರಿ. ಇಷ್ಟುದ್ದ ಹಗ್ಗ ಯಾಕ್ರಿ? ನಮ್ಮ ಸಾಲಿ ಬಾವಿ ಮುಚ್ಚಿ ಭಾಳ ವರ್ಷ ಆತು."

ಹಗ್ಗದ ಕೆಲಸ ಶುರುವಾದಾಗ ಅವರ ನಗು ನಿಂತಿತು. ಶರಣಪ್ಪ ಒಂದು ತುದಿಯನ್ನು ಧ್ವಜಕಟ್ಟೆಗೆ ಬಿಗಿದು ಸುರುಳಿ ಬಿಚ್ಚುತ್ತ ಹೋದ. ಇಪ್ಪತ್ನಾಲ್ಕು ಮೀಟರು, ಒಂದು ನೀಲಿ ತಿಮಿಂಗಿಲದ ಉದ್ದ. ಅಂಗಳ ಮುಗಿಯಿತು, ಗೇಟು ಮುಗಿಯಿತು, ಹಗ್ಗ ಮುಗಿಯಲಿಲ್ಲ. ಮಕ್ಕಳನ್ನು ಅದರುದ್ದಕ್ಕೂ ಸಾಲಾಗಿ ನಿಲ್ಲಿಸಿದೆ. ಕಣ್ಣಿನ ಹತ್ತಿರ ಇಬ್ಬರು, ಈಜುರೆಕ್ಕೆಗೆ ಇಬ್ಬರು, ಬಾಲದವರು ಮೂವರು ರಸ್ತೆಯ ಮೇಲೆ. ಅಷ್ಟರಲ್ಲಿ ಒಂದು ಬಸ್ಸು ಬಂದು ಬಾಲದ ಮುಂದೆ ನಿಂತಿತು. ಚಾಲಕ ತಲೆ ಹೊರಗೆ ಹಾಕಿ, "ಏನ್ರಿ ಇದು?" ಎಂದ. ಬಾಲವಾಗಿ ನಿಂತ ಹುಡುಗಿಯೊಬ್ಬಳು, "ತಿಮಿಂಗಿಲರಿ! ಜರಾ ತಡಿರಿ, ಮರಿ ಹಿಂದ ಬರ್ಲಿಕತ್ತಾದ" ಎಂದಳು. ಚಾಲಕ ಎಂಜಿನ್ ಬಂದ್ ಮಾಡಿ ಕೈ ಕಟ್ಟಿ ಕೂತ. ಒಳಗಿನ ಜನ ಇಳಿದು ನೋಡಿದರು. ಅಂಥ ಚಾಲಕರನ್ನು ಕಂಡರೆ ನನಗೆ ತುಂಬ ಖುಷಿಯಾಗುತ್ತದೆ. ಶರಣಪ್ಪ ಮಾತ್ರ ಪಾಠ ಮರೆತವನಂತೆ ಆ ನಿಂತ ಬಸ್ಸನ್ನೇ ನೋಡುತ್ತಿದ್ದ.

ಆಮೇಲೆ ಚೆನ್ನಾಗಿ ಮಾತಾಡಿದ. ಅದರ ನಾಲಗೆಯೇ ಒಂದು ಆನೆಯ ತೂಕ ತೂಗಬಲ್ಲದು, ಆದರೂ ಅದು ತಿನ್ನುವುದು ನಿಮ್ಮ ಕಿರುಬೆರಳಿಗಿಂತ ಸಣ್ಣ ಸೀಗಡಿಯನ್ನು. ಬಾಯ್ತುಂಬ ನೀರು ತುಂಬಿಕೊಂಡು ಜರಡಿ ಹಿಡಿದಂತೆ ಸೋಸುತ್ತದೆ ಎಂದ. ಅದರ ದನಿ ನೂರಾರು ಮೈಲು ಹೋಗುತ್ತದೆ, ನಮ್ಮ ಕಿವಿಗೆ ಮಾತ್ರ ಕೇಳುವುದೇ ಕಷ್ಟ ಎಂದ. ಕಿವಿಯಲ್ಲಿ ಗುಗ್ಗೆ ಪದರ ಪದರವಾಗಿ ಗಟ್ಟಿಯಾಗುತ್ತ ಹೋಗುತ್ತದಂತೆ, ಅದನ್ನು ಕೊಯ್ದು ನೋಡಿದರೆ ಆ ಜೀವದ ವಯಸ್ಸು, ಅದು ಪಟ್ಟ ಪಾಡು ಎರಡೂ ತಿಳಿಯುತ್ತವಂತೆ. ಬೇರೆ ಕಡೆಯ ಎಷ್ಟೋ ನೀಲಿ ತಿಮಿಂಗಿಲಗಳು ಕಾಲಕ್ಕೆ ತಕ್ಕಂತೆ ಧ್ರುವದ ಕಡೆ ಹೋಗಿಬರುತ್ತವೆ. ಶ್ರೀಲಂಕಾದ ಕೆಳಗಿರುವ ನಮ್ಮವು ಹಾಗೆ ದೂರ ಹೋಗುವುದಿಲ್ಲ, ಇಲ್ಲೇ ಇರುತ್ತವೆ. ಮೊದಲು ಮನುಷ್ಯರು ಬೇಟೆಯಾಡಿ ಮುಗಿಸುತ್ತ ಬಂದರು, ಈಗ ಹಡಗು, ಬಲೆ, ಸದ್ದು. ಇಪ್ಪತ್ತೊಂಬತ್ತು ವರ್ಷ ನಾನು ಕಲಿಸಿದ್ದು ಎಷ್ಟು ಒಣ ಪಾಠ ಎಂದು ಅಲ್ಲೇ ನಾಚಿಕೆಯಾಯಿತು. ಸಂಜೆ ಸೇಡಂಗೆ ಮರಳಿದೆವು.

ಮರುದಿನ ಕೋಡ್ಲಾ ಕಡೆಯ ಒಂದು ಶಾಲೆ. ಊಟದ ಗಂಟೆ ಮುಗಿದ ಮೇಲೆ ನಮಗೆ ಸಮಯ ಕೊಟ್ಟಿದ್ದರು. ಸಿಮೆಂಟಿನ ಕಲ್ಲು ತೆಗೆಯುವ ಸೀಮೆ. ಮಧ್ಯಾಹ್ನ ಎರಡರ ಸುಮಾರಿಗೆ ದಿನದಂತೆ ಕ್ವಾರಿಯಲ್ಲಿ ಬಂಡೆಗೆ ಮದ್ದಿಟ್ಟರು, ಬ್ಲಾಸ್ಟಿಂಗ್ ಆಯಿತು. ನೆಲದೊಳಗಿಂದ ಮಂದವಾಗಿ ಒಂದು 'ಧಡ್', ಕಿಟಕಿಯ ಗಾಜು ಸ್ವಲ್ಪ ನಡುಗಿತು. ಯಾವ ಮಗುವೂ ತಲೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಮಗದು ಗಡಿಯಾರದ ಸದ್ದಿನಂತೆ. ಶರಣಪ್ಪನ ಕೈಯಿಂದ ಚಾಕ್‌ಪೀಸ್ ಬಿತ್ತು. ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದವನು ಬೆಚ್ಚಿಬಿದ್ದಿದ್ದು ನೋಡಿ ಎದುರಿನ ಹುಡುಗರು ಕಿಸಕ್ಕೆಂದರು.

ಕೊನೆಗೆ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ನೀವು ಕಣ್ಣಾರೆ ನೋಡೀರೇನ್ರಿ?"

"ನೋಡೀನವ್ವ."

"ಹತ್ತಿರದಿಂದ?"

"ಭಾಳ ಹತ್ತಿರದಿಂದ."

"ಹ್ಯಾಂಗಿತ್ತರಿ?"

ಅವನು ಬಗ್ಗಿ ಹಗ್ಗ ಸುತ್ತತೊಡಗಿದ. ಸಮಯವಾಯಿತೆಂದು ನಾನೇ ಸುಳ್ಳು ಹೇಳಿ ಸಭೆ ಮುಗಿಸಿದೆ. ಮಕ್ಕಳ ಪ್ರಶ್ನೆಗೆ ಉತ್ತರ ಕೊಡದೆ ತರಗತಿಯಿಂದ ಹೊರಟಿದ್ದು ನನ್ನ ಜನ್ಮದಲ್ಲೇ ಮೊದಲು, ಅದಕ್ಕೆ ಅವನ ಮೇಲೆ ಸಿಟ್ಟು ಬಂತು.

ಮೂರನೆಯ ದಿನ ಬೆಳಿಗ್ಗೆ ಸೇಡಂನಿಂದ ಚಿತ್ತಾಪುರಕ್ಕೆ ಪ್ಯಾಸೆಂಜರ್ ರೈಲು. ಕಿಟಕಿ ಪಕ್ಕ ಜಾಗ ಸಿಕ್ಕಿತು. ರೊಟ್ಟಿಯ ಗಂಟು ಬಿಚ್ಚುತ್ತ ಕೇಳಿಯೇಬಿಟ್ಟೆ. "ನಿನ್ನೆ ಆ ಹುಡುಗಿಗೆ ಯಾಕ ಜವಾಬು ಕೊಡಲಿಲ್ಲ?"

"ಏನಂತ ಕೊಡ್ಲಿ ಅತ್ತಿ? ನಾ ನೋಡಿದ್ದು ಸತ್ತಿದ್ದು. ಅದೂ ನಮ್ಮ ಹಡಗಿನ ಮೂತಿಗೆ ಸಿಕ್ಕಿ ಸತ್ತಿದ್ದು."

ನಂತರ ಎಲ್ಲ ಹೇಳಿದ. ಐದು ತಿಂಗಳ ಹಿಂದೆ ಅವರ ಹಡಗು ಲಂಕೆಯ ದಕ್ಷಿಣ ತುದಿಯನ್ನು ಸುತ್ತಿ ಪೂರ್ವ ಕರಾವಳಿಯ ಒಂದು ಬಂದರಿಗೆ ಬಂತು. ವೇಗ ಸ್ವಲ್ಪ ಕಡಿಮೆಯಾಗಿತ್ತು, ಪ್ರವಾಹ ಎದುರಾಗಿರಬೇಕು ಎಂದುಕೊಂಡಿದ್ದರು. ಬಂದರಿನ ಹೊರಗೆ ದೋಣಿಯಲ್ಲಿ ಎದುರು ಬಂದವರು ಕೈ ಮಾಡಿ ತೋರಿಸಿದಾಗ ಇವನು ಮುಂಭಾಗಕ್ಕೆ ಹೋಗಿ ಬಗ್ಗಿ ನೋಡಿದ. ಹಡಗಿನ ಮೂತಿಗೆ ಅಡ್ಡಲಾಗಿ ನೀಲಿ ತಿಮಿಂಗಿಲ, ಎರಡೂ ಕಡೆ ಬಾಗಿ ತೂಗುತ್ತಿತ್ತು. ಮೈಬಣ್ಣ ಆಗಲೇ ಹೋಗಿತ್ತು. ಹಡಗನ್ನು ಹಿಂದಕ್ಕೆ ನಡೆಸಿದಾಗ ಅದು ಮೆಲ್ಲಗೆ ಜಾರಿ ನೀರಿಗಿಳಿಯಿತು. ಹಡಗಿನ ದಾಖಲೆಯಲ್ಲಿ ಯಾರೂ ಏನೂ ಬರೆಯಲಿಲ್ಲ. ಕಂಪನಿಯವರು, ಯಾರೂ ಕೇಳಿಲ್ಲ, ನಾವಾಗಿ ಯಾಕೆ ಹೇಳಬೇಕು ಎಂದರಂತೆ.

"ಸತ್ತದ್ದು ಸತ್ತಿತು. ಈಗ ಬರೆದರೇನು ಬಂತು?" ಎಂದೆ. ಇಂಥ ಪ್ರಶ್ನೆ ಕೇಳಿದ್ದಕ್ಕೆ ನನಗೀಗ ಬೇಸರವಿದೆ.

"ಬಂತು ಅತ್ತಿ. ಅಲ್ಲಿ ಹಡಗುಗಳ ದಾರಿನೂ ಅವು ಮೇಯೋ ಜಾಗನೂ ಒಂದೇ. ಹಡಗು ಒಂದಿಷ್ಟು ದಕ್ಷಿಣಕ್ಕ ಸರದು ಹೋದ್ರ ಸಾಕು, ಅವು ಉಳೀತಾವ. ವಿಜ್ಞಾನದೋರು ಅದನ್ನೇ ಹೇಳ್ಲಿಕತ್ತಾರ. ಹಡಗಿನೋರು ಎಷ್ಟು ಸತ್ತಾವ ತೋರಸ್ರಿ ಅಂತಾರ. ತೋರಸ್ಬೇಕಾದೋರು ನಾವು. ನಾವ್ಯಾರೂ ಬರೆಯಂಗಿಲ್ಲ."

ಹಡಗು ತಾಗಿದ ತಿಮಿಂಗಿಲಗಳ ವಿವರ ಕೂಡಿಸುವ ವಿಜ್ಞಾನಿಗಳಿದ್ದಾರೆ, ಅವರಿಗೆ ಕಳಿಸುವ ವರದಿಯ ನಮೂನೆ ಐದು ತಿಂಗಳಿಂದ ಅವನ ಫೋನಿನಲ್ಲಿ ಖಾಲಿ ಕೂತಿತ್ತು. ತುಂಬಿ ಕಳಿಸಿದರೆ ಕಂಪನಿಗೆ ಗೊತ್ತಾಗದೆ ಇರುವುದಿಲ್ಲ. ಇದೇ ತಿಂಗಳ ಕೊನೆಗೆ ಹೊಸ ಹಡಗು ಹತ್ತಬೇಕು, ಅದರಲ್ಲಿ ಮುಖ್ಯ ಅಧಿಕಾರಿಯ ಹುದ್ದೆ ಕೊಡುವ ಮಾತಾಗಿದೆ. ಹದಿಮೂರು ವರ್ಷ ಅದಕ್ಕಾಗಿ ದುಡಿದಿದ್ದಾನೆ. ರೊಟ್ಟಿ ಹಾಗೇ ಉಳಿಯಿತು.

ಚಿತ್ತಾಪುರದ ಶಾಲೆಯಲ್ಲಿ ಅವನು ಬರೀ ಹಗ್ಗ ಹಿಡಿದು ನಿಂತ, ಮಾತಾಡಿದ್ದೆಲ್ಲ ನಾನು. ಸೀಗಡಿ, ಜರಡಿ, ಗುಗ್ಗೆ ಎಲ್ಲ ಹೇಳಿದೆ, ಒಂದೆರಡು ಕಡೆ ನನ್ನದೂ ಸೇರಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಶಿಕ್ಷಕಿಯೊಬ್ಬರು ನನಗೆ, "ಮೇಡಂ, ನೀವು ಸಮುದ್ರದ ಮ್ಯಾಲ ಭಾಳ ತಿರಗೀರಿ ಅನಸ್ತದ" ಎಂದರು. ನಾನು ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ಸ್ಟೇಷನ್ ಹತ್ತಿರ ಚಹಾ ಕುಡಿದು ಮಧ್ಯಾಹ್ನದ ಗಾಡಿಗೆ ವಾಡಿ ಸೇರಿದೆವು.

ವಾಡಿಯಲ್ಲಿ ಎತ್ತ ನೋಡಿದರೂ ಹಳಿ, ಹಳಿಯ ಆಚೆ ಸಿಮೆಂಟಿನ ಚಿಮಣಿ. ಅಣ್ಣ ಭೀಮರಾಯ ನಿವೃತ್ತನಾದರೂ ಮನೆ ಕಟ್ಟಿಸಿದ್ದು ಹಳಿಯ ಸದ್ದು ಕೇಳುವಷ್ಟು ಹತ್ತಿರ. ಗೂಡ್ಸ್ ಗಾಡಿ ಹೋಗುವ ಸದ್ದಿನಿಂದಲೇ ಎಂಜಿನ್ ಯಾವುದು, ಬೋಗಿ ಖಾಲಿಯೋ ತುಂಬಿದ್ದೋ ಹೇಳುತ್ತಾನೆ. ಅತ್ತಿಗೆ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಇನ್ನೂ ಹೊತ್ತು ಮುಳುಗಿರಲಿಲ್ಲ, ಪಡಸಾಲೆಯಲ್ಲಿ ಬೆಳಕಿತ್ತು. ಅಣ್ಣ ಮಗನನ್ನು, "ಮಕ್ಕಳಿಗೆ ಏನೇನ್ ಹೇಳಿದಿ?" ಎಂದು ಕೇಳಿದ. ಶರಣಪ್ಪ ನನ್ನ ಮುಖ ನೋಡಿದ. ಹೇಳು ಎಂದು ನಾನು ಕಣ್ಣಲ್ಲೇ ಗದರಿದೆ. ಅವನು ರೈಲಿನಲ್ಲಿ ನನಗೆ ಹೇಳಿದ್ದನ್ನೆಲ್ಲ ಅಪ್ಪನಿಗೂ ಹೇಳಿದ.

ಅಣ್ಣ ತುತ್ತು ನಿಲ್ಲಿಸಿ ಕೇಳಿದ್ದು ಒಂದೇ ಮಾತು. "ಮೆಮೊ ಕೊಟ್ಟಿಯೋ ಇಲ್ಲೋ?"

"ಇಲ್ಲಪ್ಪ."

"ನಾ ಮೂವತ್ತೆರಡು ವರ್ಷ ಗಾಡಿ ಓಡಿಸೀನಿ. ಎಮ್ಮಿ ಸತ್ತಾವ, ಆಕಳು ಸತ್ತಾವ, ಒಮ್ಮೆ ನಾಲವಾರ ಕಡೆ ಕುರಿ ಹಿಂಡಿನಾಗೇ ಹೊಕ್ಕೀನಿ. ಒಂದಕ್ಕಾದ್ರೂ ಮುಂದಿನ ಸ್ಟೇಷನ್ದಾಗ ಆದದ್ದೆಲ್ಲ ಬರದು ಮೆಮೊ ಕೊಡದ ಸುಮ್ನ ಹೋಗಿಲ್ಲ."

"ಅಷ್ಟು ದೊಡ್ಡ ಹಡಗು ಎಲ್ಲಿ ನಿಲ್ತದಪ್ಪ?"

"ಗೂಡ್ಸ್ ಏನ್ ನಿಲ್ತದೇನು? ನಿಲ್ಲಿಸಿದ್ದಕ್ಕ ಮೆಮೊ ಅಲ್ಲ. ನಿಲ್ಲಲಿಲ್ಲ ಅನ್ನೋದಕ್ಕ ಮೆಮೊ."

ಅಣ್ಣ ಊಟ ಅರ್ಧಕ್ಕೇ ಬಿಟ್ಟು ಕೈ ತೊಳೆದ. ಕೂಗಾಡಿದ್ದರೆ ಶರಣಪ್ಪನಿಗೆ ಹಗುರಾಗುತ್ತಿತ್ತೋ ಏನೋ.

ಬೆಳಿಗ್ಗೆ ನಾನು ಎದ್ದು ಹೊರಗೆ ಬಂದಾಗ ಅಂಗಳದಲ್ಲಿ ಅಣ್ಣ ಕುರ್ಚಿ ಹಾಕಿ ಕೂತಿದ್ದ. ಕನ್ನಡಕ ಏರಿಸಿದ್ದ, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ, ಡ್ಯೂಟಿಗೆ ಹೊರಟವನ ಹಾಗೆ. ನೋಟ್‌ಬುಕ್ಕಿನ ಗೆರೆ ಹಾಳೆಯೊಂದನ್ನು ಮಗನ ಮುಂದೆ ಇಟ್ಟು, "ಬರಿ" ಎಂದ. ಅವನು ಎದುರಾಡದೆ ಪೆನ್ನು ಹಿಡಿದ. ನಾನು ಬೇವಿನ ಗಿಡದ ಕೆಳಗೆ ಚಹಾದ ಬಸಿ ಹಿಡಿದು ನಿಂತೆ, ಕುಡಿಯಲು ಮನಸ್ಸಾಗಲಿಲ್ಲ.

"ತಾರೀಖು, ಟೈಮ್."

ತಾರೀಖು ಬರೆದ. "ಮಧ್ಯಾಹ್ನ ಎರಡು ಹತ್ತು."

"ಕಿಲೋಮೀಟರ್ ಕಂಬ?"

"ಸಮುದ್ರದಾಗ ಕಂಬ ಇರಂಗಿಲ್ಲಪ್ಪ. ಐದು ಡಿಗ್ರಿ ನಲವತ್ತೊಂದು ಮಿನಿಟ್ ಉತ್ತರ, ಎಂಬತ್ತು ಡಿಗ್ರಿ ಇಪ್ಪತ್ತೊಂದು ಮಿನಿಟ್ ಪೂರ್ವ." ಫೋನು ನೋಡಲಿಲ್ಲ, ಬಾಯಿಪಾಠ.

"ಸ್ಪೀಡು?"

"ಹದಿಮೂರು ನಾಟ್. ನಮ್ಮ ಲೆಕ್ಕದಾಗ ತಾಸಿಗೆ ಇಪ್ಪತ್ನಾಲ್ಕು ಕಿಲೋಮೀಟರ್."

"ಸೀಟಿ ಹೊಡದಿಯೇನು?"

"ಇಲ್ಲ."

"ಬ್ರೇಕ್?"

"ಇಲ್ಲ."

"ಯಾಕ? ತಾಗಿದ್ದು ತಿಳೀಲಿಲ್ಲೇನು?"

ಇಲ್ಲಿ ಪೆನ್ನು ನಿಂತಿತು. ಶರಣಪ್ಪ ಅದನ್ನು ಹಾಳೆಯ ಮೇಲಿಟ್ಟು ಹೇಳಿದ. "ತಿಳೀತಪ್ಪ. ಆ ಪಾಳಿ ನಂದೇ ಇತ್ತು. ಹಡಗಿನ ಒಳಗಿಂದ ಧಡ್ ಅಂತ ಸದ್ದಾತು. ಚುಕ್ಕಾಣಿ ಹಿಡದವ ಹೊಳ್ಳಿ ನನ್ನ ಮಾರಿ ನೋಡಿದ. ನಾ ತಲಿನೂ ಎತ್ತಲಿಲ್ಲ. ಎರಡರ ಬ್ಲಾಸ್ಟಿಂಗ್ ಆಗ್ಯಾದ ಅಂತ ಅನಸ್ತು. ಹುಟ್ಟಿದಾಗಿಂದ ಕೇಳೀನಲ್ಲ, ಮೈಗೆ ಅದೇ ರೂಢಿ ಅದ. ಸಮುದ್ರದ ನಡುವ ಕ್ವಾರಿ ಎಲ್ಲಿಂದ ಬರಬೇಕು ಅಂತ ಹೊಳಿಯೋದ್ರಾಗ ನಾವು ಮುಂದ ಬಂದಿದ್ವಿ. ಆಮ್ಯಾಲ ಹೋಗಿ ನೋಡಬೇಕಿತ್ತು. ನೋಡಲಿಲ್ಲ."

ನನಗೆ ಕೋಡ್ಲಾದಲ್ಲಿ ಬಿದ್ದ ಚಾಕ್‌ಪೀಸ್ ಕಣ್ಣಮುಂದೆ ಬಂತು. ಈ ತಪ್ಪನ್ನು ಕರಾವಳಿಯ ಹುಡುಗ ಮಾಡುತ್ತಿರಲಿಲ್ಲ, ಮಲೆನಾಡಿನವನು ಮಾಡುತ್ತಿರಲಿಲ್ಲ. ವಾಡಿಯಲ್ಲಿ ಹುಟ್ಟಿದವನೇ ಮಾಡಬೇಕು. ಅವನ ಜಾಗದಲ್ಲಿ ನಾನಿದ್ದರೂ ತಲೆ ಎತ್ತುತ್ತಿರಲಿಲ್ಲ.

ಅಣ್ಣ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಅದನ್ನೂ ಬರಿ. ಹ್ಯಾಂಗ ಹೇಳಿದಿ ಹಾಂಗೇ."

ಅವನು ಬರೆದು ಹಾಳೆ ಕೊಟ್ಟ. ಅಣ್ಣ ಮೇಲಿಂದ ಕೆಳಗೆ ಬೆರಳಾಡಿಸಿ ಓದಿದ. ಕಡೆಯ ಸಾಲಿಗೆ ಬೆರಳು ನಿಂತಿತು. "ಪಾಳಿಯಲ್ಲಿದ್ದ ಅಧಿಕಾರಿ ಅಂತ ಬರದಿ. ಯಾರಂವ?"

ಶರಣಪ್ಪ ಹಾಳೆ ವಾಪಸು ತಗೊಂಡು ತನ್ನ ಪೂರ್ತಿ ಹೆಸರು ಬರೆದ. ಬಳಿಕ ಫೋನು ತೆಗೆದು, ಹಾಳೆಯಲ್ಲಿದ್ದುದನ್ನು ಇಂಗ್ಲಿಷಿಗೆ ತಿರುಗಿಸುತ್ತ ಆ ಖಾಲಿ ನಮೂನೆಯನ್ನು ತುಂಬಿ ಕಳಿಸಿದ. ಒಂದು ಪ್ರತಿ ಕಂಪನಿಗೆ, ಇನ್ನೊಂದು ಪ್ರತಿ ಅದೇ ಹಡಗಿನಲ್ಲಿ ತನ್ನ ಜಾಗಕ್ಕೆ ಬಂದ ಕೇರಳದ ಅಧಿಕಾರಿಗೆ. ಅಣ್ಣ ಎದ್ದು ಒಳಗೆ ಹೋಗಿ, "ಹುಡುಗಗ ನಾಷ್ಟಾ ಕೊಡು" ಎಂದು ಅತ್ತಿಗೆಗೆ ಹೇಳಿದ. ಆ ಮನೆಯ ಗಂಡಸರು ಇದಕ್ಕಿಂತ ಹೆಚ್ಚು ಪ್ರೀತಿ ಮಾತಿನಲ್ಲಿ ತೋರಿಸಿದ್ದನ್ನು ನಾನು ಕಂಡಿಲ್ಲ. ನನಗೆ ಮಾತ್ರ ಕಣ್ಣು ತುಂಬಿ ಬಂತು, ಮುಚ್ಚಿಡಲು ಹೋಗಲಿಲ್ಲ.

ಹತ್ತು ಗಂಟೆಗೆ ಶಹಾಬಾದ್. ವಾಡಿಯಿಂದ ರೈಲಿನಲ್ಲಿ ಕೂತು ಚೀಲ ಸರಿಮಾಡಿಕೊಳ್ಳುವಷ್ಟರಲ್ಲಿ ಬಂದುಬಿಡುತ್ತದೆ. ದಾರಿಯ ಎರಡೂ ಬದಿ ಫರ್ಸಿ ಕಲ್ಲಿನ ಅಟ್ಟಿಗಳು. ಭಂಕೂರ ಕಡೆಯಿಂದ ಬರುವ ಮಕ್ಕಳೂ ಇರುವ ಶಾಲೆ ಅದು, ಹಲವರ ತಂದೆತಾಯಿ ಕಲ್ಲಿನ ಕೆಲಸದವರು. ವರಾಂಡದ ನೆಲವೂ ಅದೇ ಕಲ್ಲು, ಚಳಿಗೆ ಕಾಲು ಕೊರೆಯುತ್ತಿತ್ತು. ಹಗ್ಗ ಬಿಚ್ಚಿದೆವು, ಮಕ್ಕಳು ನಿಂತರು, ಕಣ್ಣು, ರೆಕ್ಕೆ, ಬಾಲ ಎಲ್ಲ ಆಯಿತು. ನಂತರ ಶರಣಪ್ಪ ಹಗ್ಗದ ನಡುಮಧ್ಯಕ್ಕೆ ಹೋಗಿ ನಿಂತು, "ಇಲ್ಲಿಗೆ ನಮ್ಮ ಹಡಗು ಬಡೀತು" ಎಂದ.

ಒಂದನ್ನೂ ಬಿಡದೆ ಹೇಳಿದ. ಬ್ಲಾಸ್ಟಿಂಗ್ ಎಂದುಕೊಂಡೆ ಎಂದಾಗ ಆ ಮಕ್ಕಳು ನಗಲಿಲ್ಲ. ಅವರಿಗೆ ಪೂರ್ತಿ ಅರ್ಥವಾಯಿತು. ಬೆಳಿಗ್ಗೆ ಅಪ್ಪ ಮೆಮೊ ಬರೆಸಿದ್ದನ್ನೂ ಹೇಳಿದ. ಕಡೆಗೆ ಹಿಂದಿನ ಸಾಲಿನ ಹುಡುಗಿ ಕೈ ಎತ್ತಿದಳು. "ಈಗ ನಿಮ್ಮನ್ನ ಕೆಲಸದಿಂದ ತೆಗೀತಾರೇನ್ರಿ ಸರ್?"

"ಗೊತ್ತಿಲ್ಲವ್ವ."

"ತೆಗದ್ರ?"

"ತೆಗದ್ರೂ ಬರದದ್ದು ಬರದಂಗೇ ಇರ್ತದ."

ಮೂವತ್ತು ವರ್ಷದ ಹತ್ತಿರ ಮಕ್ಕಳ ಮುಂದೆ ನಿಂತವಳು ನಾನು. ಅಂಥ ಪಾಠ ಒಂದನ್ನೂ ಮಾಡಿಲ್ಲ. ಶಾಲೆಯವರು ಶಾಲು ಹೊದಿಸಲು ಬಂದಾಗ ಅವನು ಬೇಡವೆಂದ. ಮರ್ಯಾದೆ ಕೆಡಬಾರದೆಂದು ನಾನು ಹೊದ್ದುಕೊಂಡೆ.

ನನಗೆ ಸೇಡಂ ಕಡೆಯ ಗಾಡಿ ಮಧ್ಯಾಹ್ನಕ್ಕಿತ್ತು. ಅವನು ಸಂಜೆ ಕಲ್ಲಿನ ಕೆಲಸದವರ ಇನ್ನೊಂದು ಶಾಲೆಗೆ ಹೋಗಿ ವಾಡಿಗೆ ಮರಳುವವನಿದ್ದ. ಪ್ಲಾಟ್‌ಫಾರಂನಲ್ಲಿ ಕಾಯುತ್ತಿದ್ದಾಗ ಮುಂಬಯಿಯ ಕಂಪನಿ ಕಚೇರಿಯಿಂದ ಕರೆ ಬಂತು. ಅವನು ಮೂರು ಸಲ ಯಸ್ ಎಂದ, ಒಂದು ಸಲ ನೋ ಎಂದ. "ಹೊಸ ಹಡಗು ಸದ್ಯಕ್ಕಿಲ್ಲಂತ ಅತ್ತಿ. ಮುಂದ ನೋಡೂಣು ಅಂದ್ರು." ಕಂಪನಿಯವರನ್ನು ನಾನು ಬೈದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಗಾಡಿ ಬರುವ ಮುನ್ಸೂಚನೆ ಕೂಗಿದರು. ಆಗಲೇ ಅವನ ಫೋನಿಗೆ ಒಂದು ಚಿತ್ರ ಬಂತು. ಕೇರಳದ ಅಧಿಕಾರಿ ಕಳಿಸಿದ್ದು, ಮಾತು ಒಂದೂ ಇಲ್ಲ. ನೋಡಿದರೆ ಸಮುದ್ರದ ನಕ್ಷೆ, ಮೇಲೆ ಲಂಕೆಯ ತುದಿ, ಅದರ ಕೆಳಗೆ ಎರಡು ಗೆರೆ. ನನಗೆ ತಲೆಬುಡ ತಿಳಿಯಲಿಲ್ಲ.

"ಹಡಗು ಹೋಗೋ ದಾರಿ ಅತ್ತಿ. ಅದನ್ನ ಎಳಿಯೋದು ಎರಡನೇ ಅಧಿಕಾರಿ ಕೆಲಸ, ಕ್ಯಾಪ್ಟನ್ ಒಪ್ಪಬೇಕು. ಮ್ಯಾಲಿಂದು ನಾ ಎಳದದ್ದು. ಕೆಳಗಿಂದು ಇವತ್ತು ಅಂವ ದಕ್ಷಿಣಕ್ಕ ಸರಿಸಿ ಎಳದಾನ. ಕ್ಯಾಪ್ಟನ್ ಒಪ್ಯಾರ, ಇಲ್ಲಿ ನೋಡು, ಸಹಿ." ಒಂದೇ ಹಡಗು, ನಿಜ. ಉಳಿದವು ಇನ್ನೂ ಹಳೆಯ ದಾರಿಯಲ್ಲೇ ಹೋಗುತ್ತಿವೆ.

ಗಾಡಿ ಬಂತು. ಅವನೇ ಚೀಲ ಏರಿಸಿ, ನನ್ನನ್ನು ಕಿಟಕಿ ಪಕ್ಕ ಕೂರಿಸಿ ಇಳಿದ. ಗಾಡಿ ಬಿಟ್ಟಾಗ ಹೊರಗೆ ನೋಡಿದೆ. ಕೈ ಬೀಸುವುದನ್ನೂ ಮರೆತು ಅವನು ಫೋನಿನ ಮೇಲೆ ಬಗ್ಗಿದ್ದ, ತೋರುಬೆರಳನ್ನು ಆ ಎರಡು ಗೆರೆಗಳ ನಡುವೆ ಇಟ್ಟು ನೋಡುತ್ತಿದ್ದ. ಬೆರಳು ಹಿಡಿಸುವಷ್ಟು ನೀರನ್ನು ಆ ಹಡಗು ತಿಮಿಂಗಿಲಗಳಿಗೆ ಬಿಟ್ಟುಕೊಟ್ಟಿತ್ತು.